ಗಾಡಿಯ ಮೇಲೊಂದು ಬೇಟೆಯ ಮರೆ

(ವಾರಾಣಸಿಯಲ್ಲಿ ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣದ ಪಾಠ)



ಇಲ್ಲಿ ನಡೆಯುವ ಭಾಷಣಗಳು ಸಾಮಾನ್ಯವಾಗಿ ಸಾಹಿತ್ಯದ ಮೇಲೋ ಕ್ಷೇತ್ರಮಹಿಮೆಯ ಮೇಲೋ ಇರುತ್ತವೆ. ಇಂದು ನಾನು ಆರಿಸಿಕೊಂಡಿರುವ ವಿಷಯ ತುಸು ಬೇರೆಯಾದುದು. ಎರಡು ಚಕ್ರದ ಒಂದು ಸಣ್ಣ ಎಳೆಬಂಡಿ, ಅಂದರೆ ಈಗ ಎಲ್ಲರೂ ಟ್ರೇಲರ್ ಎಂದು ಕರೆಯುವ ಗಾಡಿ; ಅದರ ಮೇಲೆ ಬಿದಿರು ಮತ್ತು ಗೋಣಿಯಿಂದ ಕಟ್ಟಿದ ಒಂದು ಗೂಡು; ಆ ಗೂಡಿನೊಳಗೆ ತನ್ನ ಗುರುತು ತೋರದಂತೆ ಕುಳಿತು ಕಾಡಿನ ಜೀವಿಗಳನ್ನು ಸಮೀಪದಿಂದ ಕಾಣುವ ಉಪಾಯ. ಇದನ್ನು ಕಂಡುಹಿಡಿದವರು ಬೇಟೆಗಾರರು. ಅಮೆರಿಕದಲ್ಲಿ ಇಂದಿಗೂ ಜಿಂಕೆಯ ಬೇಟೆಗೆ ಹೋಗುವವರು ಸಣ್ಣ ಟ್ರೇಲರಿನ ಮೇಲೆ ಹಲಗೆಯ ಪೆಟ್ಟಿಗೆಯಂಥ ಮರೆಯನ್ನು ಕಟ್ಟಿ, ಹೊಲದ ಅಂಚಿಗೆ ಎಳೆದುಕೊಂಡು ಹೋಗಿ ನಿಲ್ಲಿಸುತ್ತಾರೆ. ನಮ್ಮ ದೇಶದಲ್ಲಿ ಬೇಟೆ ನಿಂತುಹೋಗಿದೆ. ನಿಂತದ್ದು ಒಳ್ಳೆಯದೇ ಆಯಿತು. ಆದರೆ ಉಪಾಯವನ್ನು ಬಿಡಬೇಕಾಗಿಲ್ಲ. ಕೋವಿಯ ಜಾಗದಲ್ಲಿ ದುರ್ಬೀನನ್ನೋ ಕ್ಯಾಮೆರಾವನ್ನೋ ಇಟ್ಟುಕೊಂಡರೆ ಅದೇ ಗಾಡಿ ನಮ್ಮಂಥವರ ಭಾನುವಾರಕ್ಕೆ ಉಪಯೋಗವಾಗುತ್ತದೆ.

ರೈಲ್ವೆ ಕಾರ್ಖಾನೆಯ ಪಾಳಿಯಿಂದ, ಬ್ಯಾಂಕಿನ ಲೆಕ್ಕದ ಪುಸ್ತಕದಿಂದ, ಅಂಗಡಿಯ ಗಲ್ಲದಿಂದ ಎದ್ದು ಬಂದಿರುವ ನಮಗೆ ಇದರಿಂದೇನು ಎಂದು ತಾವು ಕೇಳಬಹುದು. ಉತ್ತರ ಹೇಳುವ ಮೊದಲು, ಪ್ರಾಣಿಯು ಗಾಡಿಗೆ ಏಕೆ ಹೆದರುವುದಿಲ್ಲ ಎಂಬುದನ್ನು ವಿಚಾರಮಾಡೋಣ. ಏಕೆಂದರೆ ಇಡೀ ವಿದ್ಯೆ ನಿಂತಿರುವುದು ಆ ಒಂದು ಮಾತಿನ ಮೇಲೆ.

ಪ್ರತಿಯೊಂದು ಕಾಡುಪ್ರಾಣಿಯೂ ತನ್ನ ಸುತ್ತ ಒಂದು ಎಲ್ಲೆಯನ್ನು ಹಾಕಿಕೊಂಡಿರುತ್ತದೆ. ವೈರಿ ಆ ಎಲ್ಲೆಯಾಚೆ ಇರುವ ತನಕ ಅದು ಮೇಯುತ್ತದೆ. ಎಲ್ಲೆಯೊಳಕ್ಕೆ ಕಾಲಿಟ್ಟೊಡನೆ ಓಡುತ್ತದೆ. ಸ್ವಿಟ್ಸರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ ಎಂಬುವರು ಕಳೆದ ಶತಮಾನದಲ್ಲಿ ಇದನ್ನು ಶಾಸ್ತ್ರೀಯವಾಗಿ ವಿವರಿಸಿದರು. ನಮ್ಮ ಬೇಟೆಗಾರರು ಅದನ್ನು ಅನುಭವದಿಂದಲೇ ಅರಿತಿದ್ದರು. ಈ ಎಲ್ಲೆ ಎಲ್ಲರಿಗೂ ಒಂದೇ ಅಲ್ಲ. ಬರಿಗೈಯಲ್ಲಿ ಬಯಲಿನ ನಡುವೆ ನಿಂತು ದಿಟ್ಟಿಸುವ ಮನುಷ್ಯನಿಗೆ ಅದು ಬಹಳ ದೂರ. ಉಳುವವನಿಗೆ, ಕಳೆ ಕೀಳುವ ಹೆಂಗಸರಿಗೆ, ಹುಲ್ಲಿನ ಹೊರೆ ಹೊತ್ತವನಿಗೆ, ಗಾಡಿ ಹೊಡೆಯುವವನಿಗೆ ಬಹಳ ಹತ್ತಿರ. ತನ್ನ ಪಾಡಿಗೆ ತಾನು ದುಡಿಯುವವನನ್ನು ಹಿಂಡು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವನ ಕಣ್ಣು ತನ್ನ ಮೇಲಿಲ್ಲ, ಕೆಲಸದ ಮೇಲಿದೆ ಎಂಬುದು ಅದಕ್ಕೆ ಗೊತ್ತು. ಊರು ಬಿಟ್ಟು ಬಂದು ಇಲ್ಲಿ ದುಡಿಯುತ್ತಿರುವ ನಮಗೆ ಈ ಮಾತು ಬೇಗ ತಿಳಿಯುತ್ತದೆ. ಗೋದೌಲಿಯಾದ ಜನಜಂಗುಳಿಯಲ್ಲಿ ಕೆಲಸಕ್ಕೆ ಹೋಗುವವನನ್ನು ಯಾರು ತಿರುಗಿ ನೋಡುತ್ತಾರೆ?

ಬೇಟೆಗಾರನು ಮಾಡಿದ್ದು ಇಷ್ಟೆ. ದುಡಿಯುವವನ ವೇಷವನ್ನು ತೊಟ್ಟುಕೊಂಡನು. ಎತ್ತಿನ ಗಾಡಿಯ ಮರೆಯನ್ನು ಹೊಕ್ಕನು.

ಈ ವಿದ್ಯೆಯ ಮೊದಲ ಪುಟಗಳಲ್ಲಿ ನಮ್ಮ ನಾಡಿನ ಹೆಸರೂ ಇದೆ. ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಮೊದಲರ್ಧದಲ್ಲಿ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅಡಿಗೆಯಿಂದ ಹಿಡಿದು ಸಂಗೀತದವರೆಗೆ ಅರಮನೆಯ ಎಲ್ಲ ವಿನೋದಗಳನ್ನೂ ವರ್ಣಿಸುವ ಆ ಗ್ರಂಥದಲ್ಲಿ ಬೇಟೆಗೂ ದೊಡ್ಡ ಸ್ಥಾನವಿದೆ. ಪಳಗಿಸಿದ ಚೀತಾವನ್ನು ಬಿಟ್ಟು ಜಿಂಕೆಯನ್ನು ಹಿಡಿಸುವ ಕ್ರಮದ ಅತಿ ಹಳೆಯ ಭಾರತೀಯ ದಾಖಲೆಗಳಲ್ಲಿ ಅದೂ ಒಂದು ಎಂಬುದು ವಿದ್ವಾಂಸರ ಅಭಿಪ್ರಾಯ. ಚೀತಾ ಬೇರೆ, ಚಿರತೆ ಬೇರೆ. ಚಿರತೆ ಹೊಂಚುಹಾಕಿ ಮೇಲೆರಗುವ, ಮರವೇರುವ ಪ್ರಾಣಿ. ಚೀತಾ ತೆಳ್ಳಗಿನ ಮೈಯ, ಉದ್ದ ಕಾಲಿನ, ಬಯಲಿನಲ್ಲಿ ಅಟ್ಟಿಸಿಕೊಂಡು ಹೋಗುವ ಪ್ರಾಣಿ. ಕನ್ನಡದಲ್ಲಿ ಇದಕ್ಕೆ ಸಿವಂಗಿ ಎಂಬ ಹೆಸರಿತ್ತೆಂದು ೧೯ನೆಯ ಶತಮಾನದಲ್ಲಿ ಜೆರ್ಡಾನ್ ಎಂಬ ಪ್ರಾಣಿಶಾಸ್ತ್ರಜ್ಞನು ಬರೆದಿಟ್ಟಿದ್ದಾನೆ. ಪ್ರಾಣಿ ಹೋದುದರಿಂದ ಹೆಸರೂ ನಮ್ಮ ಬಾಯಿಂದ ಹೋಯಿತು.

ಸಿವಂಗಿಯ ವೇಗ ಅಪಾರ. ಆದರೆ ದಮ್ಮು ಕಡಿಮೆ. ಕೆಲವು ನೂರು ಗಜ ಓಡುವಷ್ಟರಲ್ಲಿ ಅದು ಸೋತು ಕುಳಿತುಬಿಡುತ್ತದೆ. ಕೃಷ್ಣಮೃಗವೋ, ಉತ್ತರ ಕರ್ನಾಟಕದ ನಮ್ಮವರು ಚಿಗರಿ ಎನ್ನುತ್ತಾರಲ್ಲ ಅದು, ವೇಗವೂ ಉಂಟು, ದಮ್ಮೂ ಉಂಟು. ಆದುದರಿಂದ ಸಿವಂಗಿಯನ್ನು ಹಿಂಡಿನ ತೀರ ಸಮೀಪಕ್ಕೆ ಒಯ್ದು ಬಿಡಬೇಕು. ಒಯ್ಯುವ ಸಾಧನವೇ ಗಾಡಿ. ತಗ್ಗಾದ ಎತ್ತಿನ ಬಂಡಿಯ ಹಲಗೆಯ ಮೇಲೆ, ಕಣ್ಣಿಗೆ ಕುಲಾವಿ ಕಟ್ಟಿದ ಸಿವಂಗಿ ಕುಳಿತಿರುತ್ತದೆ. ಪಕ್ಕದಲ್ಲಿ ಅದರ ಪಾಲಕ. ಬಂಡಿಯವನು ಹಿಂಡಿನತ್ತ ನೇರವಾಗಿ ಹೊಡೆಯುವುದಿಲ್ಲ. ಬೇರೆ ಊರಿಗೆ ಹೋಗುವವನಂತೆ ಓರೆಯಾಗಿ, ಸುತ್ತುಸುತ್ತಾಗಿ, ಎಲ್ಲಿಯೂ ಅವಸರ ತೋರದೆ ಹೊಡೆಯುತ್ತಾನೆ. ಚಿಗರಿಗಳು ತಲೆಯೆತ್ತಿ ನೋಡುತ್ತವೆ. ದಿನವೂ ಕಾಣುವ ಗಾಡಿಯೇ ಎಂದು ಮತ್ತೆ ಮೇಯುತ್ತವೆ. ನೂರು ಇನ್ನೂರು ಗಜದೊಳಗೆ ಬಂದಾಗ ಕುಲಾವಿಯನ್ನು ತೆಗೆಯುತ್ತಾರೆ. ಆಮೇಲಿನದು ಅರೆನಿಮಿಷದ ಕೆಲಸ.

ಕಲ್ಯಾಣದ ಕಾಲದಿಂದ ಮೊಗಲರವರೆಗೆ, ಮೊಗಲರಿಂದ ಸಂಸ್ಥಾನಗಳ ಕೊನೆಯವರೆಗೆ ಈ ಬೇಟೆ ನಡೆಯಿತು. ಅಕ್ಬರನ ಬಳಿ ಒಮ್ಮೆಗೆ ಸಾವಿರ ಚೀತಾಗಳಿದ್ದುವೆಂದು ಅವನ ಮಗ ಜಹಾಂಗೀರನೇ ಬರೆದಿದ್ದಾನೆ. ನಮ್ಮ ನಾಡಿನ ನೆರೆಯ ಕೊಲ್ಹಾಪುರದಲ್ಲಿ ೨೦ನೆಯ ಶತಮಾನದಲ್ಲಿಯೂ ಇದು ವೈಭವದಿಂದಿತ್ತು. ಆದರೆ ಆ ಹೊತ್ತಿಗೆ ಸ್ವದೇಶದ ಚೀತಾ ಸಿಗುತ್ತಿರಲಿಲ್ಲವಾಗಿ ಆಫ್ರಿಕಾದಿಂದ ತರಿಸುತ್ತಿದ್ದರು. ಕಾರಣ ಸ್ಪಷ್ಟವಾಗಿದೆ. ಚೀತಾ ಸೆರೆಯಲ್ಲಿ ಮರಿ ಹಾಕುವುದು ಅತಿ ಅಪರೂಪ. ಜಹಾಂಗೀರನ ಕಾಲದಲ್ಲಿ ಒಮ್ಮೆ ಹಾಕಿದ್ದನ್ನು ಅವನು ಸೋಜಿಗವೆಂದು ದಾಖಲೆ ಮಾಡಿಸಿದನು. ಹೀಗಾಗಿ ಬೇಕೆನಿಸಿದ ಒಂದೊಂದನ್ನೂ ಕಾಡಿನಿಂದಲೇ ಹಿಡಿದು ತರಬೇಕಾಯಿತು. ಅಸಲಿಗೆ ಬಡ್ಡಿ ಸೇರದೆ ಬರಿಯ ಖರ್ಚೇ ಆದರೆ ಖಾತೆ ಏನಾಗುವುದೆಂಬುದನ್ನು ಇಲ್ಲಿರುವ ಗುಮಾಸ್ತರಿಗೆ ನಾನು ಹೇಳಬೇಕಾಗಿಲ್ಲ. ೧೯೪೭ರಲ್ಲಿ ಕೊರಿಯಾ ಸಂಸ್ಥಾನದಲ್ಲಿ, ಅಂದರೆ ಇಲ್ಲಿಂದ ದಕ್ಷಿಣಕ್ಕೆ ಈಗಿನ ಛತ್ತೀಸಗಢದಲ್ಲಿ, ಮೂರು ಗಂಡು ಚೀತಾಗಳು ಒಂದೇ ರಾತ್ರಿ ಗುಂಡಿಗೆ ಬಿದ್ದುವು. ೧೯೫೨ರಲ್ಲಿ ಭಾರತದಲ್ಲಿ ಚೀತಾ ಇಲ್ಲವೆಂದು ಸಾರಲಾಯಿತು. ೨೦೨೨ನೆಯ ಸೆಪ್ಟೆಂಬರ್ ೧೭ರಂದು ನಮೀಬಿಯಾದಿಂದ ಎಂಟು ಚೀತಾಗಳನ್ನು ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಡುವವರೆಗೆ, ಎಪ್ಪತ್ತು ವರ್ಷಗಳ ಕಾಲ ಈ ನೆಲದ ಮೇಲೆ ಕಾಡಿನ ಚೀತಾ ಹೆಜ್ಜೆಯಿಡಲಿಲ್ಲ.

ಚೀತಾ ಹೋದರೂ ಗಾಡಿ ಉಳಿಯಿತು. ಬಂದೂಕಿನವರು ಅದನ್ನೇ ಹಿಡಿದರು. ದಖ್ಖಣದ ಎರೆಬಯಲಿನಲ್ಲಿ ಚಿಗರಿಯನ್ನೂ ಎರೆಭೂತವೆಂಬ ದೊಡ್ಡ ಹಕ್ಕಿಯನ್ನೂ ಹೊಡೆಯಲು ಎತ್ತಿನ ಗಾಡಿಯ ಮರೆಯೇ ಸುಲಭ ದಾರಿಯಾಗಿತ್ತು. ಪರಿಣಾಮ ಎರಡು ಬಗೆಯದು. ಸಂಖ್ಯೆ ಇಳಿಯಿತು ಎಂಬುದು ಎಲ್ಲರಿಗೂ ಗೊತ್ತು. ಎರೆಭೂತ ಇಂದು ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದೆ. ಎರಡನೆಯ ಪರಿಣಾಮವನ್ನು ಗಮನಿಸುವವರು ಕಡಿಮೆ. ಗಾಡಿಯಿಂದ ಗುಂಡು ಹಾರಿದ ಕಡೆಯಲ್ಲೆಲ್ಲ ಹಿಂಡು ಗಾಡಿಗೂ ಹೆದರುವುದನ್ನು ಕಲಿಯಿತು. ನೂರಾರು ವರ್ಷ ರೈತನೂ ಎತ್ತೂ ಹಗಲೆಲ್ಲ ದುಡಿದು ಸಂಪಾದಿಸಿದ ನಂಬಿಕೆಯನ್ನು ಬೇಟೆಗಾರನು ಕೆಲವೇ ವರ್ಷಗಳಲ್ಲಿ ಖರ್ಚುಮಾಡಿದನು. ನಂಬಿಕೆ ಅವನದಾಗಿರಲಿಲ್ಲ, ಅವನು ಸಾಲ ತಂದಿದ್ದನು, ತೀರಿಸಲಿಲ್ಲ. ಗಾಡಿಯ ಮರೆಯ ವಿಷಯದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಇದಕ್ಕೆ ಪ್ರತಿಯಾದ ಇನ್ನೊಂದು ದಾರಿಯನ್ನು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಎಂಬ ಅಣ್ಣತಮ್ಮಂದಿರು ತೋರಿಸಿದರು. ಹಕ್ಕಿಗಳ ಛಾಯಾಚಿತ್ರ ತೆಗೆಯಬೇಕೆಂಬ ಹಂಬಲದಿಂದ ಅವರು ಸುಮಾರು ೧೯೦೦ರಲ್ಲಿ ಒಂದು ಎತ್ತಿನ ಚರ್ಮವನ್ನು ಚೌಕಟ್ಟಿನ ಮೇಲೆ ಹೊದಿಸಿ, ಟೊಳ್ಳಾದ ಎತ್ತನ್ನು ಮಾಡಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾದೊಂದಿಗೆ ನಿಂತುಕೊಳ್ಳುತ್ತಿದ್ದರು. ಹೊಲದಲ್ಲಿ ಎತ್ತು ನಿಂತಿದೆಯೆಂದು ಹಕ್ಕಿ ತನ್ನ ಗೂಡಿಗೆ ಬರುತ್ತಿತ್ತು. ನಮ್ಮವರು ಎತ್ತಿನ ಹಿಂದೆ ಅಡಗಿದರೆ ಅವರು ಎತ್ತಿನ ಒಳಗೇ ಅಡಗಿದರು. ಆದರೆ ಅಲ್ಲಿಂದ ಹೊರಟದ್ದು ಗುಂಡಲ್ಲ. ಸಂಜೆಗೆ ಹಕ್ಕಿಯೂ ಉಳಿಯಿತು, ಚಿತ್ರವೂ ಉಳಿಯಿತು. ನಮ್ಮ ಬೆಂಗಳೂರಿನ ಟಿ.ಎನ್.ಎ. ಪೆರುಮಾಳರು, ಸಂಡೂರಿನ ಎಂ.ವೈ. ಘೋರ್ಪಡೆಯವರು, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಮುಂತಾದವರು ಕ್ಯಾಮೆರಾ ಹಿಡಿದು ಈ ದಾರಿಯಲ್ಲೇ ನಡೆದವರು.

ಈಗ ಕಾನೂನಿನ ಮಾತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ ತರುವಾಯದ ತಿದ್ದುಪಡಿಗಳೂ ಬೇಟೆಯನ್ನು ನಿಷೇಧಿಸಿವೆ. ಕೃಷ್ಣಮೃಗ ಅದರ ಮೊದಲನೆಯ ಅನುಸೂಚಿಯಲ್ಲಿದೆ. ಗೂಡಿನಿಂದ ಮೊಟ್ಟೆ ತೆಗೆಯುವುದೂ ಅಪರಾಧವೇ. ಅಭಯಾರಣ್ಯದೊಳಗೆ ಮರೆ ಕಟ್ಟುವುದಿರಲಿ, ಕಾಲಿಡುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಆದುದರಿಂದ ನಾನು ಇನ್ನು ಹೇಳುವ ಗಾಡಿ ನೋಡುವವರ ಗಾಡಿ. ಅದನ್ನು ನಿಲ್ಲಿಸತಕ್ಕದ್ದು ಅಭಯಾರಣ್ಯದ ಹೊರಗೆ, ಜಮೀನಿನವರ ಒಪ್ಪಿಗೆಯಿಂದ.

ಎಲ್ಲಿ ಎಂದರೆ, ಬಹಳ ದೂರ ಹೋಗಬೇಕಾಗಿಲ್ಲ. ಚಳಿಗಾಲದಲ್ಲಿ ಗಂಗೆಯ ದೋಣಿಗಳ ಸುತ್ತ ಹಾರುವ ಬಿಳಿಯ ಕಡಲಕ್ಕಿಗಳನ್ನು ತಾವೆಲ್ಲರೂ ನೋಡಿದ್ದೀರಿ; ಯಾತ್ರಿಕರು ಎರಚುವ ಸೇವಿಗೆ ಅವು ಕೈಯ ಹತ್ತಿರಕ್ಕೇ ಬರುತ್ತವೆ. ಆದರೆ ಅದೇ ಗಂಗೆಯ ಮರಳದಿಣ್ಣೆಗಳಿಗೆ ಅದೇ ತಿಂಗಳುಗಳಲ್ಲಿ ಚಕ್ರವಾಕ ಬರುತ್ತದೆ. ಹೌದು, ನಮ್ಮ ಕಾವ್ಯಗಳಲ್ಲಿ ರಾತ್ರಿಯೆಲ್ಲ ಅಗಲಿ ಒಂದನ್ನೊಂದು ಕೂಗುವ ಚಕ್ರವಾಕವೇ. ಕಾವಿ ಬಣ್ಣದ ಮೈ, ತಿಳಿಯಾದ ತಲೆ, ಹಾರುವಾಗ ರೆಕ್ಕೆಯಲ್ಲಿ ಬೆಳ್ಳಗಿನ ದೊಡ್ಡ ಪಟ್ಟೆ. ಹೆಸರನ್ನು ಪದ್ಯದಲ್ಲಿ ನೂರು ಸಲ ಓದಿದವರೂ ಹಕ್ಕಿಯನ್ನು ಗುರುತಿಸಿ ನೋಡಿರುವುದಿಲ್ಲ. ಅಕ್ಟೋಬರಿನಿಂದ ಮಾರ್ಚಿಯವರೆಗೆ ಅದು ಇಲ್ಲಿನ ಅತಿಥಿ. ಬಹು ಎಚ್ಚರದ ಜೀವಿ. ಬಯಲು ಮರಳಿನ ಮೇಲೆ ಮನುಷ್ಯನನ್ನು ದೂರದಿಂದಲೇ ಕಂಡು, ಕೂಗಿ, ತಾನೂ ಹಾರಿ ಉಳಿದ ಹಕ್ಕಿಗಳನ್ನೂ ಹಾರಿಸಿಬಿಡುತ್ತದೆ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತೂ ಹೀಗೆಯೇ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುವ ಹೆಬ್ಬಾತು ಇದೇ ಜಾತಿಯದು. ಆ ಕಡೆಯವರು ಇಲ್ಲಿದ್ದರೆ ಊರಿನ ನೆಂಟನನ್ನು ಇಲ್ಲಿಯೂ ಕಾಣಬಹುದು. ಮರವಿಲ್ಲದ, ಪೊದೆಯಿಲ್ಲದ ಇಂಥ ಮರಳಿನ ಬಯಲಿನಲ್ಲಿ ಅಟ್ಟಣೆ ಕಟ್ಟಲು ಬರುವುದಿಲ್ಲ. ನದಿ ವರ್ಷವರ್ಷವೂ ದಿಣ್ಣೆಯ ಜಾಗ ಬದಲಿಸುವುದರಿಂದ ಖಾಯಂ ಮರೆಯೂ ಉಪಯೋಗವಿಲ್ಲ. ಇಲ್ಲಿ ಬೇಕಾದದ್ದು ಚಕ್ರದ ಮೇಲಿನ ಮರೆಯೇ.

ಕಟ್ಟುವ ಕ್ರಮವನ್ನು ಈಗ ಹೇಳುತ್ತೇನೆ. ಒಬ್ಬೊಬ್ಬರೇ ಮಾಡುವುದಕ್ಕಿಂತ ನಾಲ್ಕು ಜನ ಕೂಡಿ ಮಾಡಿದರೆ ಖರ್ಚೂ ಹಂಚಿಹೋಗುತ್ತದೆ, ನೂಕಲು ಜನವೂ ಇರುತ್ತಾರೆ.

ಮೊದಲನೆಯದು ಗಾಡಿ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದೇ ಅಚ್ಚಿನ ಹಳೆಯ ಟ್ರೇಲರ್ ಸಾಕು. ಹಲಗೆ ನೆಲದಿಂದ ಒಂದೂವರೆ ಅಡಿಗಿಂತ ಬಹಳ ಮೇಲಿರಬಾರದು. ಇಲ್ಲಿನ ಠೇಲಾದ ಸೈಕಲ್ ಚಕ್ರಗಳು ರಸ್ತೆಗೆ ಸರಿ. ಮರಳಿನಲ್ಲಿ ಚಾಕುವಿನಂತೆ ಇಳಿಯುತ್ತವೆ. ಹಳೆಯ ಕಾರಿನ ಅಗಲ ಟೈರುಗಳನ್ನು ಹಾಕಿಸಿ, ಮರಳಿಗೆ ಇಳಿಸುವ ಮುನ್ನ ಗಾಳಿಯನ್ನು ಸ್ವಲ್ಪ ಬಿಡಬೇಕು. ಟೈರು ಅಗಲವಾಗಿ ಹರಡಿ ಭಾರವನ್ನು ಹೆಚ್ಚು ಜಾಗಕ್ಕೆ ಹಂಚುತ್ತದೆ. ರಸ್ತೆಗೆ ಬಂದೊಡನೆ ಮತ್ತೆ ತುಂಬಿಸುವುದನ್ನು ಮರೆಯಬಾರದು.

ಎರಡನೆಯದು ತೂಕದ ಹಂಚಿಕೆ. ಒಂದೇ ಅಚ್ಚಿನ ಗಾಡಿ ತಕ್ಕಡಿಯಿದ್ದಂತೆ. ಭಾರ ಅಚ್ಚಿನ ಹಿಂದಕ್ಕೆ ಹೋದರೆ ಮೂಕಿ ಮೇಲೇಳುತ್ತದೆ. ಎಳೆಯುವಾಗ ಗಾಡಿ ಹಾವಿನಂತೆ ಹೊರಳುತ್ತದೆ. ಒಟ್ಟು ತೂಕದ ಸುಮಾರು ಹತ್ತನೆಯ ಒಂದು ಪಾಲು ಮೂಕಿಯ ಮೇಲೆ ಬೀಳುವಂತೆ ಸಾಮಾನನ್ನು ಅಚ್ಚಿಗಿಂತ ತುಸು ಮುಂದಿಡಬೇಕು. ಹೆಚ್ಚಾದರೆ ಎಳೆಯುವವನ ತೋಳು ಸೋಲುತ್ತದೆ.

ಮೂರನೆಯದು ಊರುಗಾಲು. ಇದನ್ನು ಬಿಟ್ಟವರೇ ಹೆಚ್ಚು ಕಷ್ಟಪಡುವುದು. ಊರುಗಾಲಿಲ್ಲದೆ ಒಳಗೆ ಹತ್ತಿದರೆ ಹಿಂದೆ ಕಾಲಿಟ್ಟ ಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ. ಮಗುಚದಿದ್ದರೂ ಮೈ ಕದಲಿಸಿದಾಗಲೆಲ್ಲ ಇಡೀ ಗೂಡು ತೂಗುತ್ತದೆ, ಹಕ್ಕಿ ಹಾರುತ್ತದೆ. ನಾಲ್ಕು ಮೂಲೆಗೂ ತಿರುಪಿನ ಜಾಕನ್ನೋ ಕಬ್ಬಿಣದ ಕೊಳವೆಯ ಕಾಲನ್ನೋ ಇಟ್ಟು, ಒಂದೊಂದರ ಕೆಳಗೆ ಒಂದಡಿ ಚೌಕದ ಹಲಗೆ ಹಾಕಬೇಕು. ಚಕ್ರಗಳಿಗೆ ಹಿಂದೆ ಮುಂದೆ ಕಟ್ಟೆ ಕೊಡಬೇಕು. ಆಮೇಲೆಯೇ ಹತ್ತಬೇಕು.

ನಾಲ್ಕನೆಯದು ಚೌಕಟ್ಟು. ಒಂದೂವರೆ ಅಂಗುಲ ದಪ್ಪದ ಒಣಗಿದ ಬಿದಿರು ಉತ್ತಮ. ಗಾಡಿಯ ನಾಲ್ಕು ಮೂಲೆಗಳಲ್ಲಿ ಕಬ್ಬಿಣದ ಗಿಡ್ಡ ಕೊಳವೆಗಳನ್ನು ಬೋಲ್ಟು ಮಾಡಿಸಿ ಬಿದಿರನ್ನು ಅವುಗಳೊಳಗೆ ನಿಲ್ಲಿಸಿದರೆ, ಬೇಕಾದಾಗ ಕಿತ್ತು ಮಡಿಸಿಡಬಹುದು. ಬಿದಿರಿಗೆ ಮೊಳೆ ಹೊಡೆಯಬೇಡಿ, ಸೀಳುತ್ತದೆ. ಹಗ್ಗದಿಂದ ಬಿಗಿಯಿರಿ ಇಲ್ಲವೆ ತೂತು ಕೊರೆದು ಬೋಲ್ಟು ಹಾಕಿರಿ. ಪ್ರತಿಯೊಂದು ಮಗ್ಗುಲಿಗೂ ಮೂಲೆಯಿಂದ ಮೂಲೆಗೆ ಒಂದು ಓರೆಗಳು ಇರಲೇಬೇಕು. ಚೌಕ ನೂಕಿದರೆ ಬಾಗುತ್ತದೆ, ತ್ರಿಕೋನ ಬಾಗುವುದಿಲ್ಲ. ಬಿದಿರಿಗೆ ಬಿದಿರು ತಾಗುವ ಕಡೆಯಲ್ಲೆಲ್ಲ ಹಳೆಯ ಸೈಕಲ್ ಟ್ಯೂಬಿನ ಚೂರು ಸುತ್ತಿದರೆ ಕಿರುಗುಟ್ಟುವ ಸದ್ದು ಇರುವುದಿಲ್ಲ. ಗೂಡಿನ ಎತ್ತರ ಹಲಗೆಯಿಂದ ನಾಲ್ಕೂವರೆ ಅಡಿ ಸಾಕು. ನಿಲ್ಲುವ ಆಸೆ ಬೇಡ. ನಾಲ್ಕೂವರೆ ಅಡಿಯ ಮಗ್ಗುಲಿಗೇ, ಗಂಟೆಗೆ ನಲವತ್ತು ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಇಪ್ಪತ್ತು ಇಪ್ಪತ್ತೈದು ಕಿಲೋ ತೂಕದಷ್ಟು ನೂಕು ಬೀಳುತ್ತದೆ. ಎತ್ತರ ಹೆಚ್ಚಿದಂತೆಲ್ಲ ನೂಕೂ ಹೆಚ್ಚು, ಮಗುಚುವ ಅಪಾಯವೂ ಹೆಚ್ಚು.

ಐದನೆಯದು ಹೊದಿಕೆ. ಅಕ್ಕಿ ಗೋದಿಯ ಹಳೆಯ ಗೋಣಿಚೀಲಗಳನ್ನು ಬಿಚ್ಚಿ ಹೊಲಿದು ಎರಡು ಪದರ ಹೊದಿಸಿ. ಒಳಮಗ್ಗುಲಿಗೆ ಕಪ್ಪು ಬಟ್ಟೆ. ಪ್ಲಾಸ್ಟಿಕ್ ಹಾಳೆ ಬೇಡ: ಅದು ಹೊಳೆಯುತ್ತದೆ, ಪಟಪಟಿಸುತ್ತದೆ, ಒಳಗೆ ಸೆಕೆ ಕೂಡಿಸುತ್ತದೆ. ಹೊದಿಕೆ ಡೋಲಿನ ಚರ್ಮದಂತೆ ಬಿಗಿಯಾಗಿರಬೇಕು. ಸಡಿಲ ಬಟ್ಟೆ ಗಾಳಿಗೆ ಅಲ್ಲಾಡಿದರೆ ಹಕ್ಕಿಯ ಪಾಲಿಗೆ ಅದು ಕೈಬೀಸಿದಂತೆಯೇ. ಬಣ್ಣಕ್ಕೆ ಮಣ್ಣುನೀರು ಸಾಕು. ಕಬ್ಬಿಣದ ಭಾಗಗಳಿಗೆ ಹೊಳಪಿಲ್ಲದ ಬಣ್ಣ ಬಳಿಯಿರಿ. ತಿರುಗಾಡುವ ರಸ್ತೆಯಲ್ಲಿ ಮಾತ್ರ ಹಿಂಬದಿಗೆ ಕೆಂಪು ಪ್ರತಿಫಲಕ ಇರಲೇಬೇಕು; ಪ್ರಾಣಿಗೆ ಕಾಣಬಾರದು, ಲಾರಿಯವನಿಗೆ ಕಾಣಲೇಬೇಕು.

ಆರನೆಯದು ಕಿಂಡಿ. ಒಂದಡಿಯ ಮಣೆಯ ಮೇಲೆ ಕುಳಿತವನ ಕಣ್ಣು ಹಲಗೆಯಿಂದ ಮೂರೂವರೆ ಅಡಿಯ ಸುಮಾರಿಗೆ ಬರುತ್ತದೆ. ಆದುದರಿಂದ ಕಿಂಡಿಯ ಕೆಳ ಅಂಚು ಮೂರಡಿಗೆ, ಎತ್ತರ ಒಂಬತ್ತು ಅಂಗುಲ. ನಾಲ್ಕು ಮಗ್ಗುಲಿಗೂ ಕಿಂಡಿ ಇರಲಿ, ಆದರೆ ತೆರೆಯುವುದು ಒಂದನ್ನೇ. ಎದುರುಬದುರು ಕಿಂಡಿಗಳು ತೆರೆದಿದ್ದರೆ ಬೆಳಕು ಹಾಯ್ದು ಒಳಗಿನವನ ನೆರಳು ಹೊರಗೆ ಕಾಣುತ್ತದೆ. ಕತ್ತಲ ಕೋಣೆಯಿಂದ ಬೀದಿ ಕಾಣುತ್ತದೆ, ಬೀದಿಯಿಂದ ಕೋಣೆ ಕಾಣುವುದಿಲ್ಲ. ನಮ್ಮ ಹಳೆಯ ಮನೆಗಳ ಬೆಳಕಿಂಡಿಯ ಧರ್ಮವೇ ಇದು. ಕಿಂಡಿಗೆ ಮಾಸಲು ಬಣ್ಣದ ಬಲೆ ಇಳಿಬಿಟ್ಟು, ಕ್ಯಾಮೆರಾದ ಮೂತಿಯನ್ನು ಬಲೆಯ ಅಂಚಿಗೆ ಮೀರಿ ಚಾಚದಂತೆ ಇಡಬೇಕು. ಬಾಗಿಲು ಹಿಂದುಗಡೆ.

ಗಾಡಿ ಸಿದ್ಧವಾಯಿತು. ಇನ್ನು ಉಪಯೋಗಿಸುವ ಕ್ರಮ. ಸಾಮ್ನೆ ಘಾಟಿನ ಸೇತುವೆಯ ಮೇಲೆ ಆಚೆ ದಡಕ್ಕೆ ಸಾಗಿಸಿ, ಜನಸಂಚಾರವೂ ಒಂಟೆ ಕುದುರೆಗಳ ಸವಾರಿಯೂ ಇಲ್ಲದ ಕಡೆ ಆರಿಸಿಕೊಳ್ಳಬೇಕು. ಹಕ್ಕಿಗಳು ಕೂರುವ ಜಾಗದಿಂದ ಇನ್ನೂರು ಗಜ ದೂರದಲ್ಲಿ ಬರಿದಾದ ಗಾಡಿಯನ್ನು ಎರಡು ಮೂರು ದಿನ ನಿಲ್ಲಿಸಿಬಿಡಿ. ಅದು ದಿಣ್ಣೆಯ ಸಾಮಾನಾಗಲಿ. ಆಮೇಲೆ ಹಕ್ಕಿಗಳಿಲ್ಲದ ಹೊತ್ತಿನಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಗಜದಂತೆ ಸರಿಸಿ. ಒಂದೇ ದಿನದಲ್ಲಿ ಹತ್ತಿರಕ್ಕೆ ತಂದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಒಳಗೆ ಹೋಗುವುದು ಸೂರ್ಯೋದಯಕ್ಕೆ ಮುಂಚೆ. ತಡವಾದರೆ ಇಬ್ಬರು ಕೂಡಿ ಗಾಡಿಗೆ ಹೋಗಿ, ಒಬ್ಬನು ಒಳಗುಳಿದು ಇನ್ನೊಬ್ಬನು ಕಾಣುವಂತೆ ಹಿಂತಿರುಗಬೇಕು. ಬಂದವರು ಹೋದರೆಂದು ಹಕ್ಕಿ ಸಾಮಾನ್ಯವಾಗಿ ಸಮಾಧಾನಗೊಳ್ಳುತ್ತದೆ. ಹೊರಬರುವಾಗಲೂ ಗೆಳೆಯನು ನಡೆದು ಬರಲಿ, ಹಕ್ಕಿಗಳು ಅವನನ್ನು ಕಂಡು ಎದ್ದುಹೋಗಲಿ. ಆಮೇಲೆ ತಾವು ಇಳಿಯಿರಿ. ಮರೆಯೊಳಗಿಂದಲೇ ಮನುಷ್ಯ ಹಾರಿಬಂದುದನ್ನು ಅವು ಒಮ್ಮೆ ನೋಡಿದರೆ ಆ ಗಾಡಿಯನ್ನು ಮತ್ತೆ ನಂಬುವುದಿಲ್ಲ. ಹಕ್ಕಿಗಳಿಗೆ ಮೂಗಿನ ಚುರುಕು ಕಡಿಮೆ. ಆದರೆ ನೀಲಗಾಯಿ, ಚಿಗರಿಗಳನ್ನು ನೋಡುವುದಾದರೆ ಗಾಳಿ ಅವುಗಳಿಂದ ನಮ್ಮ ಕಡೆಗೆ ಬೀಸುವಂತೆ ಕೂರಬೇಕು. ಬೀಡಿ ಸಿಗರೇಟು ಸರ್ವಥಾ ಬೇಡ. ಗೋಣಿಯೂ ಬಿದಿರೂ ಬೆಂಕಿಗೆ ಬಹು ಬೇಗ ಹತ್ತುವ ವಸ್ತುಗಳು.

ಒಂದು ಕಟ್ಟುನಿಟ್ಟು. ಮಾರ್ಚಿಯಿಂದಾಚೆ ಮರಳದಿಣ್ಣೆಯ ಮೇಲೆಯೇ ಟಿಟ್ಟಿಭ, ರೀವ ಮುಂತಾದ ಹಕ್ಕಿಗಳು ಮೊಟ್ಟೆಯಿಡುತ್ತವೆ. ಗೂಡೆಂದರೆ ಮರಳಿನಲ್ಲೊಂದು ತಗ್ಗು, ಅಷ್ಟೆ. ತಾಯಿಯನ್ನು ಎಬ್ಬಿಸಿದರೆ ಆ ಬಿಸಿಲಿಗೆ ಮೊಟ್ಟೆ ಸ್ವಲ್ಪ ಹೊತ್ತಿನಲ್ಲೇ ಬೇಯುತ್ತದೆ. ಆದಕಾರಣ ಹೋಳಿಯ ತರುವಾಯ ಗಾಡಿಯನ್ನು ದಿಣ್ಣೆಗೆ ಒಯ್ಯಲೇಬಾರದು.

ಇಷ್ಟೆಲ್ಲ ಶ್ರಮಪಟ್ಟು ನೋಡಿದರೆ ಯಾರಿಗೆ ಪ್ರಯೋಜನ ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ಇಲ್ಲಿಂದ ಸುಮಾರು ಎಪ್ಪತ್ತು ಕಿಲೋಮೀಟರ್ ದೂರದಲ್ಲಿ, ೧೯೯೭ರವರೆಗೆ ವಾರಾಣಸಿ ಜಿಲ್ಲೆಗೇ ಸೇರಿದ್ದು ಈಗ ಚಂದೌಲಿ ಜಿಲ್ಲೆಯಲ್ಲಿರುವ ಚಂದ್ರಪ್ರಭಾ ಅರಣ್ಯವಿದೆ. ರಾಜದರಿ, ದೇವದರಿ ಜಲಪಾತಗಳನ್ನು ನೋಡಲು ತಮ್ಮಲ್ಲಿ ಹಲವರು ಹೋಗಿದ್ದೀರಿ. ಕಾಶಿಯ ಅರಸರ ಬೇಟೆಯ ಕಾಡಾಗಿದ್ದ ಅದು ೧೯೫೭ರಲ್ಲಿ ಅಭಯಾರಣ್ಯವಾಯಿತು. ಅದೇ ವರ್ಷ ಗುಜರಾತಿನ ಗಿರ್ ಕಾಡಿನಿಂದ ಒಂದು ಗಂಡು, ಎರಡು ಹೆಣ್ಣು ಸಿಂಹಗಳನ್ನು ತಂದು ಅಲ್ಲಿ ಬಿಟ್ಟರು. ೧೯೬೫ರ ಹೊತ್ತಿಗೆ ಅವು ಹನ್ನೊಂದಾಗಿದ್ದುವು. ಆಮೇಲೆ ಒಂದೂ ಉಳಿಯಲಿಲ್ಲ. ಸಿಂಹದಂಥ ಸಿಂಹವೇ ಹೀಗೆ ಕಣ್ಮರೆಯಾಗಬಹುದಾದರೆ, ದಿಣ್ಣೆಯ ಚಕ್ರವಾಕ ಒಂದು ವರ್ಷ ಬಾರದೆ ಹೋದರೆ ಯಾರು ಗಮನಿಸುತ್ತಾರೆ? ಪ್ರತಿ ಚಳಿಗಾಲವೂ ಅದೇ ಜಾಗದಲ್ಲಿ ಕುಳಿತು, ಇಂಥ ದಿನ ಇಷ್ಟು ಹಕ್ಕಿ ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡುವ ನಾಲ್ಕು ಜನ ಇದ್ದರೆ ಅವರು ಗಮನಿಸುತ್ತಾರೆ. ತಾರೀಖು ಹಾಕಿ ಅಂಕಿ ಬರೆಯುವುದರಲ್ಲಿ ನಮ್ಮ ಗುಮಾಸ್ತರಿಗಿಂತ ನಿಪುಣರು ಯಾರಿದ್ದಾರೆ?

ಕರ್ನಾಟಕದಲ್ಲಿ ಕೃಷ್ಣಮೃಗಕ್ಕಾಗಿ ೧೯೭೪ರಲ್ಲಿ ರಾಣೆಬೆನ್ನೂರಿನಲ್ಲಿ ಅಭಯಾರಣ್ಯವಾಯಿತು. ೨೦೦೭ರಲ್ಲಿ ತುಮಕೂರು ಜಿಲ್ಲೆಯ ಮೈದನಹಳ್ಳಿಯ ಬಯಲು ಜಯಮಂಗಲಿ ಸಂರಕ್ಷಿತ ಪ್ರದೇಶವಾಯಿತು. ಅಲ್ಲಿ ಚಿಗರಿಗಳು ಮತ್ತೆ ಹಿಂಡುಗಟ್ಟಿವೆ. ಪ್ರಯಾಗರಾಜ ಜಿಲ್ಲೆಯ ಮೇಜಾ ಕಡೆಯಲ್ಲಿಯೂ ಅವಕ್ಕೆ ಒಂದು ಆಸರೆ ದೊರೆತಿದೆ. ಪೋಲಾದ ನಂಬಿಕೆ ನಿಧಾನವಾಗಿ ಹಿಂದಿರುಗುತ್ತದೆ ಎಂಬುದಕ್ಕೆ ಇವು ಸಾಕ್ಷಿ.

ಮರೆಯಲ್ಲಿ ಕುಳಿತವನ ಕೈಯಲ್ಲಿ ಆಯುಧವಿದ್ದರೆ ಏನಾಗುವುದೆಂಬುದನ್ನು ದಶರಥನ ಕಥೆ ನಮಗೆ ಮೊದಲೇ ಹೇಳಿದೆ. ಕತ್ತಲಲ್ಲಿ ಕೊಡ ಮುಳುಗುವ ಸದ್ದು ಕೇಳಿ, ಆನೆ ನೀರು ಕುಡಿಯುತ್ತಿದೆಯೆಂದು ಬಾಣ ಬಿಟ್ಟನು. ಬಿದ್ದವನು ತಂದೆತಾಯಿಗೆ ನೀರು ತರಲು ಬಂದ ಹುಡುಗ. ಇಲ್ಲಿಂದ ಹತ್ತು ಕಿಲೋಮೀಟರ್ ದೂರದ ಸಾರನಾಥ ಇನ್ನೊಂದು ಕಥೆಯನ್ನು ಹೇಳುತ್ತದೆ. ಆ ಊರಿಗೆ ಮೃಗದಾವವೆಂದೂ ಹೆಸರು. ಜಾತಕದ ಪ್ರಕಾರ ಕಾಶಿಯ ಅರಸನಿಗಾಗಿ ದಿನವೂ ಒಂದು ಜಿಂಕೆ ಸಾಯುವ ಕಟ್ಟಳೆಯಿತ್ತು. ಗಬ್ಬದ ಹೆಣ್ಣುಜಿಂಕೆಯ ಸರದಿ ಬಂದ ದಿನ ಇನ್ನೊಂದು ಹಿಂಡಿನ ಒಡೆಯನಾದ ನ್ಯಗ್ರೋಧಮೃಗನು ತಾನೇ ಬಂದು ಕೊರಳೊಡ್ಡಿದನು. ಅರಸನು ಅವನನ್ನು ಎದುರಿಗೆ ನೋಡಿದನು, ಮಾತಾಡಿಸಿದನು, ಕೊಲ್ಲುವುದನ್ನು ನಿಲ್ಲಿಸಿದನು. ಒಬ್ಬನು ಕಾಣದೆಯೇ ಬಾಣ ಬಿಟ್ಟನು, ಇನ್ನೊಬ್ಬನು ಕಂಡು ಕೈ ತಡೆದನು. ಹತ್ತಿರದಿಂದ ನೋಡುವುದರ ಬೆಲೆ ಇಷ್ಟೆಂದು ನಾನು ತಿಳಿದಿದ್ದೇನೆ.

ಸಂಘದ ತರುಣರಲ್ಲಿ ನನ್ನ ಅರಿಕೆ ಒಂದೇ. ಬರುವ ದಸರೆಯ ರಜೆಯಲ್ಲಿ ನಾಲ್ಕು ಜನ ಕೂಡಿ ಇಂಥದೊಂದು ಗಾಡಿ ಕಟ್ಟಿರಿ. ದೀಪಾವಳಿಯ ವೇಳೆಗೆ ಚಕ್ರವಾಕ ಬಂದಿರುತ್ತದೆ. ನೋಡಿದ್ದನ್ನು ಬರೆದು ಈ ವಾಚನಾಲಯದ ಮೇಜಿನ ಮೇಲೆ ಒಂದು ಪುಸ್ತ​ಕವಾಗಿ ಇಡಿರಿ. ಪತ್ರಿಕೆ ಓದಲು ಬರುವವರು ಅದನ್ನೂ ಓದಲಿ. ಗಾಡಿಯನ್ನು ಹೇಗೆ ತಂದಿರೋ ಹಾಗೆಯೇ ಹಿಂದಕ್ಕೆ ತನ್ನಿರಿ. ಹಕ್ಕಿಯಿಂದ ಸಾಲ ತಂದ ನಂಬಿಕೆಯನ್ನು ಅದಕ್ಕೇ ಒಪ್ಪಿಸಿ ಬನ್ನಿರಿ.